ಡಬ್ಬದ ಮೇಲಿನ 1,400 ವ್ಯಾಟ್ ನಂಬಬೇಕೆ? ಕಾರಿನ ಸಬ್‌ವೂಫರ್‌ಗೆ ಆಂಪ್ಲಿಫೈಯರ್ ಆರಿಸುವ ಬಗೆ

ಪ್ರಶ್ನೆ: ನನ್ನ ಹ್ಯಾಚ್‌ಬ್ಯಾಕ್ ಕಾರಿಗೆ 12 ಇಂಚಿನ ಸಬ್‌ವೂಫರ್ ತಂದಿದ್ದೇನೆ. ಡಬ್ಬದ ಮೇಲೆ ದೊಡ್ಡದಾಗಿ 1,400 ವ್ಯಾಟ್ ಎಂದಿದೆ. ಒಳಗಿನ ಕೈಪಿಡಿಯಲ್ಲಿ ಆರ್‌ಎಂಎಸ್ 400 ವ್ಯಾಟ್, ಡ್ಯುಯಲ್ 4 ಓಮ್ ಎಂದು ಸಣ್ಣಕ್ಷರದಲ್ಲಿದೆ. ಅಂಗಡಿಯವರು 1,400 ವ್ಯಾಟ್‌ನ ಆಂಪ್ಲಿಫೈಯರ್ ಬೇಕೆನ್ನುತ್ತಾರೆ. ಕಾರಿನೊಂದಿಗೆ ಬಂದ ಟಚ್‌ಸ್ಕ್ರೀನ್ ಸ್ಟೀರಿಯೊ ಬದಲಿಸುವ ಮನಸ್ಸಿಲ್ಲ. ಯಾವ ಆಂಪ್ಲಿಫೈಯರ್ ಕೊಳ್ಳಲಿ, ವೈರಿಂಗ್ ಹೇಗೆ ಮಾಡಿಸಲಿ?

ಉತ್ತರ: ನಿಮಗೆ ಬೇಕಾದದ್ದು 2 ಓಮ್‌ನಲ್ಲಿ ಆರ್‌ಎಂಎಸ್ 400 ವ್ಯಾಟ್‌ನ ಆಸುಪಾಸು ಕೊಡುವ, ಕ್ಲಾಸ್ ಡಿ ಮಾದರಿಯ ಮೊನೊಬ್ಲಾಕ್, ಅಂದರೆ ಒಂದೇ ಚಾನೆಲ್‌ನ, ಆಂಪ್ಲಿಫೈಯರ್. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಷ್ಟೇ ಆದರೂ, ಈ ಸಂಖ್ಯೆಗಳು ಎಲ್ಲಿಂದ ಬಂದವು ಎಂಬುದು ತಿಳಿದಿದ್ದರೆ ಅಂಗಡಿಯಲ್ಲಿ ನಿಮ್ಮ ದುಡ್ಡು ಉಳಿಯುತ್ತದೆ. ವೈರಿಂಗ್ ಸರಿಯಾಗಿದ್ದರೆ ಕಾರೂ ಉಳಿಯುತ್ತದೆ. ಆದ್ದರಿಂದ ಎರಡನ್ನೂ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಡಬ್ಬದ ಮೇಲಿನ 1,400 ಎಂಬುದು ಪೀಕ್ ಪವರ್, ಅಂದರೆ ಕ್ಷಣಮಾತ್ರಕ್ಕೆ ತಾಳಿಕೊಳ್ಳಬಹುದಾದ ಗರಿಷ್ಠ ಮಟ್ಟ. ಅದನ್ನು ಹೇಗೆ ಅಳೆದರು, ಎಷ್ಟು ಹೊತ್ತು ಅಳೆದರು ಎಂಬುದನ್ನು ಡಬ್ಬ ಹೇಳುವುದಿಲ್ಲವಾದ ಕಾರಣ ಎರಡು ಕಂಪನಿಗಳ ಪೀಕ್ ಸಂಖ್ಯೆಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ. ಆರ್‌ಎಂಎಸ್ ಎಂಬುದು ಎಡೆಬಿಡದೆ ದುಡಿಯುವಾಗಿನ ಶಕ್ತಿ. ಆಯ್ಕೆಗೆ ಆಧಾರವಾಗಬೇಕಾದದ್ದು ಅದೊಂದೇ. ಆಂಪ್ಲಿಫೈಯರ್‌ನ ಮೇಲೆ ಸಿಇಎ-2006 ಅಥವಾ ಅದರ ಈಗಿನ ಹೆಸರಾದ ಸಿಟಿಎ-2006 ಎಂಬ ಗುರುತಿದ್ದರೆ ಇನ್ನೂ ಒಳ್ಳೆಯದು. ಆ ಮಾನದಂಡದ ಪ್ರಕಾರ ಶಕ್ತಿಯನ್ನು 14.4 ವೋಲ್ಟ್‌ನಲ್ಲಿ, ಧ್ವನಿಯ ವಿಕೃತಿ ಶೇಕಡಾ 1 ಮೀರದಂತೆ ಅಳೆಯಬೇಕಾಗುತ್ತದೆ. ಹಾಗಾಗಿ ಆ ಗುರುತಿರುವ ಎರಡು ಆಂಪ್ಲಿಫೈಯರ್‌ಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಹುದು.

ಸಬ್‌ವೂಫರ್ 400 ವ್ಯಾಟ್‌ನದಾದರೆ ಆಂಪ್ಲಿಫೈಯರ್ 350ರಿಂದ 450ರ ನಡುವೆ ಎಲ್ಲಿದ್ದರೂ ನಡೆಯುತ್ತದೆ. ಇಲ್ಲಿ 50 ವ್ಯಾಟ್ ಹೆಚ್ಚು ಕಡಿಮೆಯಾದರೆ ಕಿವಿಗೆ ಗೊತ್ತೇ ಆಗುವುದಿಲ್ಲ, ಏಕೆಂದರೆ ಶಕ್ತಿಯನ್ನು ಇಮ್ಮಡಿಗೊಳಿಸಿದರೂ ಧ್ವನಿ ಏರುವುದು ಕೇವಲ 3 ಡೆಸಿಬೆಲ್. ಕೇಳುವವರಿಗೆ ಸದ್ದು ಎರಡು ಪಟ್ಟಾದಂತೆ ಅನ್ನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. 400 ವ್ಯಾಟ್‌ನ ಬದಲು 800 ವ್ಯಾಟ್‌ನದನ್ನು ಕೊಳ್ಳಲು ತೆರುವ ಹಣವನ್ನು ಒಳ್ಳೆಯ ಕೇಬಲ್‌ಗೂ, ಕಂಪನಿ ಸೂಚಿಸಿದ ಲೀಟರ್ ಅಳತೆಗೆ ತಕ್ಕಂತೆ ಬಿಗಿಯಾಗಿ ಕಟ್ಟಿದ ಪೆಟ್ಟಿಗೆಗೂ ಹಾಕಿದರೆ ಹೆಚ್ಚಿನ ಫಲ ಸಿಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಶಕ್ತಿ ಕಡಿಮೆಯಾದರೆ ಸಬ್‌ವೂಫರ್ ಸುಟ್ಟುಹೋಗುತ್ತದೆ ಎಂದು ಹೆದರಿಸುವವರೂ ಇದ್ದಾರೆ. ಸಬ್‌ವೂಫರ್‌ನೊಳಗಿನ ತಂತಿಯ ಸುರುಳಿ, ಅಂದರೆ ಕಾಯಿಲ್, ಸುಡುವುದು ಶಾಖದಿಂದ, ಶಾಖ ಬರುವುದು ಶಕ್ತಿಯಿಂದ. 100 ವ್ಯಾಟ್‌ನ ಆಂಪ್ಲಿಫೈಯರ್‌ನಿಂದ ಅದರ ಶಕ್ತಿ ಮೀರಿ ದುಡಿಸಿಕೊಂಡರೆ ಧ್ವನಿಯ ಅಲೆಗಳ ತುದಿ ಕತ್ತರಿಸಿದಂತಾಗಿ ಚಪ್ಪಟೆಯಾಗುತ್ತವೆ. ಇದಕ್ಕೆ ಕ್ಲಿಪ್ಪಿಂಗ್ ಎಂದು ಹೆಸರು. ಆಗ ಹೊರಬರುವ ಶಕ್ತಿ ಲೆಕ್ಕದ ಪ್ರಕಾರ ಹೆಚ್ಚೆಂದರೆ ಎರಡು ಪಟ್ಟಾದೀತು. 400 ವ್ಯಾಟ್ ತಾಳುವ ಕಾಯಿಲ್‌ಗೆ 200 ವ್ಯಾಟ್ ಅಪಾಯವಲ್ಲ, ಸದ್ದು ಮಾತ್ರ ಕರ್ಕಶವಾಗುತ್ತದೆ. ಅದೇ ಕ್ಲಿಪ್ಪಿಂಗ್ 400 ವ್ಯಾಟ್‌ನ ಆಂಪ್ಲಿಫೈಯರ್‌ನಲ್ಲಿ ಆದರೆ ಕಾಯಿಲ್‌ಗೆ ನಿಜವಾದ ಕುತ್ತು. ಹಾಗಾಗಿ ಭಯಪಡಬೇಕಾದದ್ದು ಕಡಿಮೆ ವ್ಯಾಟ್‌ಗಲ್ಲ, ತಪ್ಪಾಗಿ ತಿರುಗಿಸಿಟ್ಟ ಗೇನ್ ಗುಂಡಿಗೆ; ಅದರ ಮಾತು ಮುಂದೆ ಬರುತ್ತದೆ.

ಈಗ ಓಮ್‌ನ ವಿಚಾರ. ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿಯೇ. ಡ್ಯುಯಲ್ 4 ಓಮ್ ಎಂದರೆ ನಿಮ್ಮ ಸಬ್‌ವೂಫರ್‌ನಲ್ಲಿ ತಲಾ 4 ಓಮ್‌ನ ಎರಡು ವಾಯ್ಸ್ ಕಾಯಿಲ್‌ಗಳಿವೆ. ಒಂದರ ಪ್ಲಸ್‌ಗೆ ಇನ್ನೊಂದರ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿದರೆ ಅದು ಸಮಾನಾಂತರ ಜೋಡಣೆ, ಒಟ್ಟು 2 ಓಮ್. ಒಂದರ ಮೈನಸ್ಸನ್ನು ಇನ್ನೊಂದರ ಪ್ಲಸ್‌ಗೆ ಕೊಂಡಿಯಂತೆ ಸೇರಿಸಿದರೆ ಸರಣಿ ಜೋಡಣೆ, ಒಟ್ಟು 8 ಓಮ್. ಈ ಸಬ್‌ವೂಫರ್‌ನಿಂದ 4 ಓಮ್ ಪಡೆಯಲು ದಾರಿಯಿಲ್ಲ. ಒಂದೇ ಕಾಯಿಲ್‌ಗೆ ವೈರ್ ಕೊಟ್ಟು ಇನ್ನೊಂದನ್ನು ಖಾಲಿ ಬಿಟ್ಟರೆ ತಾಳಿಕೆಯ ಅರ್ಧವನ್ನು ಕಳೆದುಕೊಳ್ಳುತ್ತೀರಿ. ಆಂಪ್ಲಿಫೈಯರ್‌ನ ಕೈಪಿಡಿಯಲ್ಲಿ 4 ಓಮ್‌ಗೆ ಒಂದು ವ್ಯಾಟ್ ಸಂಖ್ಯೆ, 2 ಓಮ್‌ಗೆ ಇನ್ನೊಂದು ಇರುತ್ತದೆ. ನೀವು ನೋಡಬೇಕಾದದ್ದು 2 ಓಮ್‌ನ ಸಾಲು.

ಎರಡು ಚಾನೆಲ್‌ನ ಹಳೆಯ ಆಂಪ್ಲಿಫೈಯರ್ ಮನೆಯಲ್ಲಿದೆ, ಅದನ್ನೇ ಬ್ರಿಡ್ಜ್ ಮಾಡಬಹುದೇ, ಅಂದರೆ ಎರಡೂ ಚಾನೆಲ್ ಸೇರಿಸಿ ಒಂದಾಗಿ ದುಡಿಸಬಹುದೇ ಎಂಬ ಯೋಚನೆ ನಿಮಗೂ ಬರಬಹುದು. ಬ್ರಿಡ್ಜ್ ಮಾಡಿದಾಗ ಪ್ರತಿಯೊಂದು ಚಾನೆಲ್‌ಗೂ ಕಾಣುವುದು ಸಬ್‌ವೂಫರ್‌ನ ಅರ್ಧ ಓಮ್ ಮಾತ್ರ. ಇಂಥ ಆಂಪ್ಲಿಫೈಯರ್‌ಗಳು ಸಾಮಾನ್ಯವಾಗಿ ಬ್ರಿಡ್ಜ್‌ನಲ್ಲಿ 4 ಓಮ್‌ಗಿಂತ ಕೆಳಗೆ ಇಳಿಯಲಾರವು. ಅದಕ್ಕೆ 2 ಓಮ್ ಕೊಟ್ಟರೆ ಪ್ರತಿ ಚಾನೆಲ್ 1 ಓಮ್‌ಗೆ ದುಡಿಯಬೇಕಾಗಿ ಬಿಸಿಯೇರಿ ಪ್ರೊಟೆಕ್ಟ್ ದೀಪ ಹತ್ತುತ್ತದೆ, ಇಲ್ಲವೇ ಆಂಪ್ಲಿಫೈಯರ್ ಕೆಡುತ್ತದೆ. ಮೊನೊಬ್ಲಾಕ್ ಎಂದು ನಾನು ಒತ್ತಿ ಹೇಳುವುದು ಇದರಿಂದಾಗಿ. ಕ್ಲಾಸ್ ಡಿ ಎನ್ನುವುದಕ್ಕೆ ಕಾರಣ ಬೇರೆ: ಬ್ಯಾಟರಿಯಿಂದ ಎಳೆದ ವಿದ್ಯುತ್ತಿನಲ್ಲಿ ಶೇಕಡಾ 80ರಷ್ಟು ಸ್ಪೀಕರ್‌ಗೆ ತಲುಪಿಸುವ ಅದು, ಕ್ಲಾಸ್ ಎಬಿಯಂತೆ ಅರ್ಧದಷ್ಟನ್ನು ಶಾಖವಾಗಿ ಕಳೆಯುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನ ಮುಚ್ಚಿದ ಡಿಕ್ಕಿಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ವೈರಿಂಗ್‌ಗೆ ಮೊದಲು ಒಂದು ಲೆಕ್ಕ ಹಾಕೋಣ. 400 ವ್ಯಾಟ್ ಹೊರಬರಲು ಶೇಕಡಾ 80ರ ದಕ್ಷತೆಯಲ್ಲಿ 500 ವ್ಯಾಟ್ ಒಳಹೋಗಬೇಕು. ಎಂಜಿನ್ ಓಡುವಾಗಿನ 13.5 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 37 ಆಂಪಿಯರ್. ಸಂಗೀತ ಸದಾ ತಾರಕದಲ್ಲಿರುವುದಿಲ್ಲವಾದ್ದರಿಂದ ಸರಾಸರಿ ಎಳೆತ ಇದಕ್ಕಿಂತ ಬಹಳ ಕಡಿಮೆ, ಎಂಜಿನ್ ಓಡುವಾಗ ವಿದ್ಯುತ್ ತಯಾರಿಸುವ ನಿಮ್ಮ ಕಾರಿನ ಆಲ್ಟರ್ನೇಟರ್ ಇದನ್ನು ನಿಭಾಯಿಸುತ್ತದೆ. 1,400 ವ್ಯಾಟ್ ನಿಜವಾಗಿ ಕೊಡುವ ಆಂಪ್ಲಿಫೈಯರ್ ಆಗಿದ್ದರೆ ಇದೇ ಲೆಕ್ಕ 130 ಆಂಪಿಯರ್ ಸಮೀಪಕ್ಕೆ ಹೋಗುತ್ತಿತ್ತು. ಸಣ್ಣ ಕಾರಿನ ಆಲ್ಟರ್ನೇಟರ್‌ನ ಪೂರ್ತಿ ಸಾಮರ್ಥ್ಯವೇ ಅಷ್ಟಿರುವುದಿಲ್ಲ.

ಬ್ಯಾಟರಿಯಿಂದ ಡಿಕ್ಕಿಗೆ ಕೇಬಲ್‌ನ ದಾರಿ ಸುಮಾರು 5 ಮೀಟರ್. ಕೇಬಲ್‌ನ ದಪ್ಪವನ್ನು ಗೇಜ್‌ನಲ್ಲಿ ಹೇಳುತ್ತಾರೆ; ಗೇಜ್ ಸಂಖ್ಯೆ ಚಿಕ್ಕದಾದಷ್ಟೂ ಕೇಬಲ್ ದಪ್ಪ. 4 ಗೇಜ್‌ನ, ಅಂದರೆ ಸುಮಾರು 21 ಚದರ ಮಿಲಿಮೀಟರ್‌ನ ಶುದ್ಧ ತಾಮ್ರದ ಕೇಬಲ್‌ನಲ್ಲಿ 37 ಆಂಪಿಯರ್ ಹರಿದಾಗ ದಾರಿಯಲ್ಲಿ ಸೋರಿಹೋಗುವುದು 0.15 ವೋಲ್ಟ್. 8 ಗೇಜ್‌ನ ತಾಮ್ರದಲ್ಲಿ ಅದು 0.4 ವೋಲ್ಟ್ ಹತ್ತಿರವಾಗುತ್ತದೆ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಕೇಬಲ್‌ನಲ್ಲಾದರೆ, ಅದರ ವಾಹಕತೆ ತಾಮ್ರದ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆಯಿರುವುದರಿಂದ, 0.6 ವೋಲ್ಟ್ ದಾಟುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ಊರೂರಿನ ಆಕ್ಸೆಸರಿ ಅಂಗಡಿಗಳವರೆಗೆ ಅಗ್ಗದ ವೈರಿಂಗ್ ಕಿಟ್‌ಗಳಲ್ಲಿ ಸಿಗುವುದು ಬಹುಪಾಲು ಈ ಲೇಪದ ಕೇಬಲ್ಲೇ. ಮೇಲಿನ ಪ್ಲಾಸ್ಟಿಕ್ ದಪ್ಪಗಿದ್ದ ಮಾತ್ರಕ್ಕೆ ಒಳಗಿನ ಲೋಹ ದಪ್ಪವಿರುತ್ತದೆ ಎಂದುಕೊಳ್ಳಬೇಡಿ. ಕತ್ತರಿಸಿದ ತುದಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಕೆಂಪು ಹೋಗಿ ಬಿಳಿ ಕಂಡರೆ ಅದು ಅಲ್ಯೂಮಿನಿಯಂ. ಬೇರೆ ಕೇಬಲ್ ಸಿಗದಿದ್ದರೆ 4 ಗೇಜ್‌ನ ಬದಲು ಇನ್ನೂ ದಪ್ಪನೆಯ 2 ಗೇಜ್‌ನದನ್ನು ಕೇಳಿ.

ಫ್ಯೂಸ್ ಬಗ್ಗೆ ಒಂದಿಷ್ಟು ಗಟ್ಟಿಯಾಗಿಯೇ ಹೇಳಬೇಕಾಗಿದೆ. ಆಂಪ್ಲಿಫೈಯರ್‌ನಲ್ಲಿಯೇ ಫ್ಯೂಸ್ ಇದೆಯಲ್ಲ, ಇನ್ನೊಂದು ಯಾಕೆ ಎಂದು ಕೆಲವು ಫಿಟ್ಟರ್‌ಗಳು ಕೇಳುತ್ತಾರೆ. ಬ್ಯಾಟರಿಯ ಬಳಿಯ ಫ್ಯೂಸ್ ಇರುವುದು ಆಂಪ್ಲಿಫೈಯರ್‌ನ ರಕ್ಷಣೆಗಲ್ಲ, ಕೇಬಲ್‌ನ ರಕ್ಷಣೆಗೆ. ಇಡೀ ಕಾರಿನುದ್ದಕ್ಕೂ ಹಾದುಹೋಗುವ ಆ ಕೇಬಲ್ ಎಲ್ಲಿಯಾದರೂ ಉಜ್ಜಿ, ಸುಲಿದು, ಬಾಡಿಯ ಲೋಹಕ್ಕೆ ತಾಗಿದರೆ ಬ್ಯಾಟರಿಯು ನೂರಾರು ಆಂಪಿಯರ್ ಅನ್ನು ಅದರ ಮೂಲಕ ಸುರಿಯುತ್ತದೆ, ಕೇಬಲ್ ಕೆಂಪಗೆ ಕಾದು ಕಾರ್ಪೆಟ್‌ಗೆ ಬೆಂಕಿ ಹತ್ತುತ್ತದೆ. ಡಿಕ್ಕಿಯಲ್ಲಿರುವ ಫ್ಯೂಸ್‌ಗೆ ಇದು ತಿಳಿಯುವುದೇ ಇಲ್ಲ. ಆದ್ದರಿಂದ ಬ್ಯಾಟರಿಯ ಪ್ಲಸ್‌ನಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲೇಬೇಕು. ಆಂಪ್ಲಿಫೈಯರ್‌ನ ಫ್ಯೂಸ್‌ಗಳ ಮೊತ್ತ 40 ಆಂಪಿಯರ್ ಇದ್ದರೆ ಇಲ್ಲಿ 50 ಆಂಪಿಯರ್‌ನದು ಸರಿಹೋಗುತ್ತದೆ. ಗಾಜಿನ ಕೊಳವೆಯ ಫ್ಯೂಸ್ ಬೇಡ, ಬೋಲ್ಟ್ ಹಾಕಿ ಬಿಗಿಯುವ ಎಎನ್‌ಎಲ್ ಮಾದರಿಯದು ಇರಲಿ. ಎಂಜಿನ್ ಕಡೆಯಿಂದ ಕ್ಯಾಬಿನ್‌ಗೆ ಕೇಬಲ್ ನುಗ್ಗುವ ಲೋಹದ ತೂತಿನಲ್ಲಿ ರಬ್ಬರ್ ಗ್ರೊಮೆಟ್ ಇಲ್ಲದೆ ಎಳೆಯಲು ಬಿಡಲೇಬೇಡಿ. ನೀವು ಫಿಟ್ಟರ್‌ನ ಪಕ್ಕದಲ್ಲಿ ನಿಂತು ನೋಡಬೇಕಾದ ಕೆಲಸಗಳಲ್ಲಿ ಮೊದಲನೆಯದು ಇದು. ಕೆಲಸ ಶುರುವಾಗುವ ಮೊದಲು ಬ್ಯಾಟರಿಯ ಮೈನಸ್ ಕಳಚಿರಬೇಕು, ಎಲ್ಲ ಮುಗಿದ ಮೇಲೆ ಕೊನೆಗೆ ಅದನ್ನು ಜೋಡಿಸಬೇಕು.

ಎರಡನೆಯದು ಅರ್ಥಿಂಗ್. ಆಂಪ್ಲಿಫೈಯರ್‌ನ ಮೈನಸ್ ಕೇಬಲ್ ಪ್ಲಸ್‌ನಷ್ಟೇ ದಪ್ಪವಿರಬೇಕು, ಅರ್ಧ ಮೀಟರ್‌ಗಿಂತ ಉದ್ದವಿರಬಾರದು. ಡಿಕ್ಕಿಯ ಬಳಿ ಬಾಡಿಯ ಗಟ್ಟಿ ಲೋಹದ ಮೇಲಿನ ಬಣ್ಣವನ್ನು ಹೊಳಪು ಕಾಣುವವರೆಗೆ ಕೆರೆದು, ರಿಂಗ್ ಟರ್ಮಿನಲ್ ಇಟ್ಟು ಬಿಗಿಯಬೇಕು. ಸೀಟ್ ಬೆಲ್ಟ್‌ನ ಬೋಲ್ಟ್ ಕೈಗೆ ಸುಲಭವಾಗಿ ಸಿಗುತ್ತದೆಂದು ಅದಕ್ಕೆ ಸಿಕ್ಕಿಸುವ ರೂಢಿ ಇದೆ. ಜೀವ ಕಾಯುವ ಬೋಲ್ಟ್ ಅದು, ಅದನ್ನು ಸಡಿಲಿಸುವುದು ತಪ್ಪು. ಬಿಗಿದ ಮೇಲೆ ಕೆರೆದ ಜಾಗಕ್ಕೆ ಬಣ್ಣವನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಬಳಿಯಿರಿ. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ಓಡುವ ಕಾರಾದರೆ ಬೆತ್ತಲೆ ಲೋಹಕ್ಕೆ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು. ಮೈನಸ್ ಕೇಬಲ್ಲನ್ನು ನೇರವಾಗಿ ಬ್ಯಾಟರಿಯ ಕಂಬಕ್ಕೆ ಒಯ್ಯಬೇಡಿ, ಏಕೆಂದರೆ ಈಗಿನ ಹಲವು ಕಾರುಗಳಲ್ಲಿ ಅಲ್ಲಿ ವಿದ್ಯುತ್ ಅಳೆಯುವ ಸೆನ್ಸರ್ ಇರುತ್ತದೆ. ಆ ಸೆನ್ಸರನ್ನು ತಪ್ಪಿಸಿ ಹೋದ ವಿದ್ಯುತ್ತು ಕಾರಿನ ಲೆಕ್ಕಕ್ಕೆ ಸಿಗುವುದಿಲ್ಲ.

ಸ್ಟೀರಿಯೊ ಬದಲಿಸದೆ ಸಂಕೇತ ಪಡೆಯುವುದು ಕಷ್ಟವೇನಲ್ಲ. ಹೈ ಲೆವೆಲ್ ಇನ್‌ಪುಟ್ ಇರುವ ಆಂಪ್ಲಿಫೈಯರ್ ಆರಿಸಿದರೆ ಹಿಂದಿನ ಎರಡು ಸ್ಪೀಕರ್‌ಗಳ ವೈರ್‌ನಿಂದ ಕವಲು ತೆಗೆದು ನೇರವಾಗಿ ಕೊಡಬಹುದು. ಪ್ಲಸ್ ಮೈನಸ್ ಅದಲುಬದಲಾಗದಂತೆ ನೋಡಿಕೊಳ್ಳಿ. ಆ ಸೌಲಭ್ಯವಿಲ್ಲದಿದ್ದರೆ ನಡುವೆ ಲೈನ್ ಔಟ್‌ಪುಟ್ ಕನ್ವರ್ಟರ್ ಎಂಬ ಪುಟ್ಟ ಪೆಟ್ಟಿಗೆ ಬೇಕು, ಅದರಿಂದ ಆರ್‌ಸಿಎ ವೈರ್ ಆಂಪ್ಲಿಫೈಯರ್‌ಗೆ ಹೋಗುತ್ತದೆ. ಕೆಲವು ಆಂಪ್ಲಿಫೈಯರ್‌ಗಳು ಸ್ಪೀಕರ್ ವೈರ್‌ನ ಸಂಕೇತ ಕಂಡೊಡನೆ ತಾವೇ ಚಾಲೂ ಆಗುತ್ತವೆ. ಇಲ್ಲದಿದ್ದರೆ ಆಂಪ್ಲಿಫೈಯರ್ ಅನ್ನು ಚಾಲೂ ಮಾಡುವ ರಿಮೋಟ್ ವೈರ್ ಅನ್ನು ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರುವ ಫ್ಯೂಸ್‌ನಿಂದ ಫ್ಯೂಸ್ ಟ್ಯಾಪ್ ಮೂಲಕ ತೆಗೆಯಿರಿ. ಸದಾ ವಿದ್ಯುತ್ತಿರುವ ಜಾಗಕ್ಕೆ ಕೊಟ್ಟರೆ ಆಂಪ್ಲಿಫೈಯರ್ ಹಗಲಿರುಳೂ ಎಚ್ಚರವಿದ್ದು ಬ್ಯಾಟರಿಯನ್ನು ಹೀರುತ್ತದೆ. ಸಂಕೇತದ ವೈರ್ ಕಾರಿನ ಒಂದು ಬದಿಯಲ್ಲೂ ಪವರ್ ಕೇಬಲ್ ಇನ್ನೊಂದು ಬದಿಯಲ್ಲೂ ಸಾಗಬೇಕು. ಇಷ್ಟಾದರೂ ಎಂಜಿನ್ ವೇಗಕ್ಕೆ ತಕ್ಕಂತೆ ಏರಿಳಿಯುವ ಕುಯ್ಗುಟ್ಟುವ ಸದ್ದು ಕೇಳಿಸಿದರೆ, ಮೊದಲು ಅನುಮಾನಿಸಬೇಕಾದದ್ದು ಅರ್ಥಿಂಗನ್ನು. ಸಂಗೀತ ನುಡಿಯುತ್ತಿರುವಾಗ ಆಂಪ್ಲಿಫೈಯರ್‌ನ ಮೈನಸ್‌ಗೂ ಬ್ಯಾಟರಿಯ ಮೈನಸ್‌ಗೂ ನಡುವೆ ಮಲ್ಟಿಮೀಟರ್ ಇಟ್ಟು ನೋಡಿ, 0.2 ವೋಲ್ಟ್‌ಗಿಂತ ಹೆಚ್ಚು ತೋರಿದರೆ ಎಲ್ಲೋ ಬಣ್ಣ ಉಳಿದಿದೆ ಅಥವಾ ಬೋಲ್ಟ್ ಸಡಿಲವಾಗಿದೆ.

ಆಂಪ್ಲಿಫೈಯರ್‌ನಿಂದ ಸಬ್‌ವೂಫರ್‌ಗೆ 2.5 ಚದರ ಮಿಲಿಮೀಟರ್‌ನ ತಾಮ್ರದ ವೈರ್ ಸಾಕು.

ಇನ್ನುಳಿದದ್ದು ಗೇನ್. ಇದು ಸದ್ದು ಹೆಚ್ಚಿಸುವ ಗುಂಡಿ ಎಂದೇ ಬಹಳ ಮಂದಿ ತಿಳಿದಿದ್ದಾರೆ; ವಾಸ್ತವದಲ್ಲಿ ಅದು ಸ್ಟೀರಿಯೊದ ಸಂಕೇತದ ಮಟ್ಟಕ್ಕೆ ಆಂಪ್ಲಿಫೈಯರ್ ಅನ್ನು ಹೊಂದಿಸುವ ಗುಂಡಿ. ಹೊಂದಿಸಲು ಮನೆಯ ಸಾಮಾನ್ಯ ಮಲ್ಟಿಮೀಟರ್ ಸಾಲುತ್ತದೆ. ವ್ಯಾಟ್ ಅನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಬೇಕಾದ ವೋಲ್ಟ್ ಸಿಗುತ್ತದೆ: 400 ಗುಣಿಸು 2 ಎಂದರೆ 800, ಅದರ ವರ್ಗಮೂಲ ಸುಮಾರು 28.3. ಸಬ್‌ವೂಫರ್‌ನ ವೈರ್ ಕಳಚಿ, ಬಾಸ್ ಬೂಸ್ಟ್ ಪೂರ್ತಿ ಇಳಿಸಿ, ಸ್ಟೀರಿಯೊದ ಈಕ್ವಲೈಸರ್ ಸಮತಟ್ಟಾಗಿಸಿ, ಗೇನ್ ಅನ್ನು ಕನಿಷ್ಠಕ್ಕೆ ತಂದು, ಎಂಜಿನ್ ಚಾಲೂ ಮಾಡಿ, 50 ಹರ್ಟ್ಸ್‌ನ ಪರೀಕ್ಷಾ ಧ್ವನಿಯನ್ನು ಸ್ಟೀರಿಯೊದ ಮುಕ್ಕಾಲು ಭಾಗದ ವಾಲ್ಯೂಮ್‌ನಲ್ಲಿ ನುಡಿಸಿ. ಮಲ್ಟಿಮೀಟರ್ ಅನ್ನು ಎಸಿ ವೋಲ್ಟ್‌ನಲ್ಲಿಟ್ಟು ಆಂಪ್ಲಿಫೈಯರ್‌ನ ಸ್ಪೀಕರ್ ಟರ್ಮಿನಲ್‌ಗೆ ಹಿಡಿದು, 28 ತೋರುವವರೆಗೆ ಮಾತ್ರ ಗೇನ್ ಏರಿಸಿ. ನಮ್ಮ ಮನೆಯ ವಿದ್ಯುತ್ತಿನ ಆವರ್ತನವೂ 50 ಹರ್ಟ್ಸ್ ಆದ್ದರಿಂದ ಅಗ್ಗದ ಮಲ್ಟಿಮೀಟರ್ ಕೂಡ ಇದನ್ನು ಸರಿಯಾಗಿಯೇ ಓದುತ್ತದೆ.

ತಗ್ಗಿನ ಸದ್ದನ್ನು ಮಾತ್ರ ಸಬ್‌ವೂಫರ್‌ಗೆ ಬಿಡುವ ಲೋ ಪಾಸ್ ಫಿಲ್ಟರ್ ಅನ್ನು 80 ಹರ್ಟ್ಸ್ ಬಳಿ ಇಡಿ. ಅದಕ್ಕಿಂತ ಕೆಳಗಿನ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿ ಸುಲಭವಾಗಿ ಗುರುತಿಸಲಾರದು, ಹಾಗಾಗಿ ಡಿಕ್ಕಿಯಲ್ಲಿರುವ ಸಬ್‌ವೂಫರ್ ಮುಂದಿನ ಸ್ಪೀಕರ್‌ಗಳೊಡನೆ ಬೆರೆತು ಕೇಳಿಸುತ್ತದೆ. ನಿಮ್ಮ ಪೆಟ್ಟಿಗೆ ಪೋರ್ಟ್ (ಗಾಳಿಯಾಡುವ ತೆರಪು) ಇರುವಂಥದ್ದಾದರೆ, ತೀರಾ ತಗ್ಗಿನ ಸದ್ದನ್ನು ತಡೆಯುವ ಸಬ್‌ಸೋನಿಕ್ ಫಿಲ್ಟರನ್ನೂ ಪೋರ್ಟ್‌ನ ಟ್ಯೂನಿಂಗ್‌ಗಿಂತ, ಅಂದರೆ ಅದನ್ನು ಹೊಂದಿಸಿದ ಆವರ್ತನಕ್ಕಿಂತ, ತುಸು ಕೆಳಗೆ ಹೊಂದಿಸಿ. ಕೊನೆಯ ತಿದ್ದುಪಡಿಗೆ ನಾನು ಡೊಳ್ಳಿನ ಒಂದು ಧ್ವನಿಮುದ್ರಣ, ಮೃದಂಗದ ಒಂದು ತನಿ ಆವರ್ತನ ಇಟ್ಟುಕೊಳ್ಳುತ್ತೇನೆ. ಡೊಳ್ಳಿನ ಪೆಟ್ಟು ಎದೆಗೆ ತಾಗಿ ಅಲ್ಲಿಗೇ ನಿಲ್ಲಬೇಕು, ಮೃದಂಗದ ಎಡಮುಖದ ಗುಂಕಾರ ಒಂದರ ಮೇಲೊಂದು ಬಿದ್ದು ಕಲಸಿಹೋಗಬಾರದು. ಕಲಸಿದಂತಾದರೆ ಫಿಲ್ಟರ್ ಅನ್ನು 70ಕ್ಕೆ ಇಳಿಸಿ ಮತ್ತೊಮ್ಮೆ ಕೇಳಿ.

ವಾರಂಟಿ ಇನ್ನೂ ಇರುವ ಕಾರಾದರೆ ಸ್ಪೀಕರ್ ವೈರ್‌ನಿಂದ ಕವಲು ತೆಗೆಯುವ ಮುನ್ನ ಡೀಲರ್‌ರಿಂದ ಲಿಖಿತವಾಗಿ ಕೇಳಿಕೊಳ್ಳಿ, ವಿಮೆಯ ಪಾಲಿಸಿಯಲ್ಲಿ ಆಂಪ್ಲಿಫೈಯರ್ ಮತ್ತು ಸಬ್‌ವೂಫರ್ ಅನ್ನು ಹೆಚ್ಚುವರಿ ವಿದ್ಯುತ್ ಪರಿಕರಗಳೆಂದು ನಮೂದಿಸಿ. ಅಳವಡಿಸಿದ ಒಂದು ತಿಂಗಳ ನಂತರ, ಅರ್ಧ ಗಂಟೆ ಜೋರಾಗಿ ಕೇಳಿದ ಮೇಲೆ, ಎಂಜಿನ್ ನಿಲ್ಲಿಸಿ ಬಾನೆಟ್ ತೆರೆದು ಫ್ಯೂಸ್ ಹೋಲ್ಡರ್ ಅನ್ನು ಹೊರಗಿನಿಂದ ಮುಟ್ಟಿ ನೋಡಿ. ಸುತ್ತಲಿನ ಭಾಗಗಳಿಗಿಂತ ಅದು ಹೆಚ್ಚು ಬಿಸಿಯಿದ್ದರೆ ಅಲ್ಲಿನ ಸ್ಕ್ರೂ ಸಡಿಲವಾಗಿದೆ ಎಂದು ಅರ್ಥ. ಬ್ಯಾಟರಿಯ ಮೈನಸ್ ಕಳಚಿ ಅದನ್ನು ಬಿಗಿಮಾಡಿ.