ಹತ್ತು ತುಂಬುವ ಮೊದಲೇ ಅಂಟುವ ತಂಬಾಕು

ಹದಿಹರೆಯದವರ ತಂಬಾಕು ಚಟವನ್ನು ನಾವು ಬಹುಕಾಲದಿಂದ ಪುಂಡಾಟವೆಂದೋ ಕೆಟ್ಟ ಸಹವಾಸದ ಫಲವೆಂದೋ ತಿಳಿದುಕೊಂಡು ಬಂದಿದ್ದೇವೆ. 13ರಿಂದ 15 ವರ್ಷದ ಶಾಲಾ ಮಕ್ಕಳನ್ನು ಕುರಿತು 2019ರಲ್ಲಿ ದೇಶದಾದ್ಯಂತ ನಡೆದ ಜಾಗತಿಕ ಯುವ ತಂಬಾಕು ಸಮೀಕ್ಷೆ ಬೇರೆಯೇ ಚಿತ್ರ ಕೊಡುತ್ತದೆ. ತಂಬಾಕು ಬಳಸುವ ಮಕ್ಕಳ ಪ್ರಮಾಣ 2009ರಲ್ಲಿದ್ದ ಶೇ 14.6ರಿಂದ ಶೇ 8.5ಕ್ಕೆ ಇಳಿದಿರುವುದು ನಿಜವಾಗಿಯೂ ಸಮಾಧಾನದ ಸಂಗತಿ. ಆದರೆ ಜಗಿಯುವ ಬಗೆಯ ತಂಬಾಕನ್ನು ಬಾಯಿಗಿಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅದರ ರುಚಿ ಕಂಡದ್ದು ಹತ್ತು ವರ್ಷ ತುಂಬುವ ಮೊದಲು. ಎಂಟೊಂಬತ್ತು ವರ್ಷದ ಮಗು ಯಾರ ಮೇಲೂ ಬಂಡಾಯ ಹೂಡುವುದಿಲ್ಲ. ಮನೆಯಲ್ಲಿ ಕಂಡದ್ದನ್ನು ಮಾಡುತ್ತದೆ.

ಎಲೆ ಅಡಿಕೆಯ ತಟ್ಟೆ ನಮ್ಮಲ್ಲಿ ಅತಿಥಿ ಸತ್ಕಾರದ ಭಾಗ, ಹಿರಿಯರು ಅದಕ್ಕೆ ಹೊಗೆಸೊಪ್ಪಿನ ಚೂರು ಸೇರಿಸಿಕೊಳ್ಳುವುದೂ ಯಾರಿಗೂ ವಿಶೇಷವೆನಿಸದು. ಗುಟ್ಕಾ ಬೆಳೆದದ್ದು ಈ ಒಪ್ಪಿಗೆಯ ಮೇಲೆಯೇ. ಅಡಿಕೆ, ಸುಣ್ಣ, ಕಾಚು, ತಂಬಾಕುಗಳಿಗೆ ಸುವಾಸನೆ ಬೆರೆಸಿ ಸಣ್ಣ ಪ್ಯಾಕೆಟ್ಟಿಗೆ ತುಂಬಿದಾಗ ಅದು ಚಿಲ್ಲರೆ ಕಾಸಿಗೆ ಸಿಗುವ, ಬೀಡಿಯಂತೆ ಹೊಗೆಯಿಂದ ಗುಟ್ಟು ರಟ್ಟು ಮಾಡದ ವಸ್ತುವಾಯಿತು. ಗೂಡಂಗಡಿಯ ಮುಂದೆ ಶಾಂಪೂ ಪ್ಯಾಕೆಟ್ಟುಗಳ ಪಕ್ಕದಲ್ಲೇ ಅದರ ಮಾಲೆಯೂ ತೂಗಿತು. ಅಪ್ಪನಿಗೆಂದು ಅದನ್ನು ತರುವ ಕೆಲಸ ಎಷ್ಟೋ ಮನೆಗಳಲ್ಲಿ ಕಿರಿಯ ಹುಡುಗನ ಪಾಲಿಗೆ ಬಂತು.

ಹದಿಹರೆಯದಲ್ಲಿ ಕಾರಣಗಳು ಬದಲಾಗುತ್ತವೆ. ಕೂಡಲೇ ಸಿಗುವ ಸುಖಕ್ಕೆ ಮಿಡಿಯುವ ಮಿದುಳಿನ ಭಾಗ ಆಗ ಬಹಳ ಚುರುಕಾಗಿರುತ್ತದೆ, ಮುಂದಾಲೋಚನೆಯ ಭಾಗವಾದರೋ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ಆಟದ ಬಯಲಿನ ಅಂಚಿನಲ್ಲಿ ಒಂದೇ ಪ್ಯಾಕೆಟ್ಟನ್ನು ನಾಲ್ವರ ಅಂಗೈಗೆ ಸುರಿಯುವಾಗ ಕೈ ಹಿಂದಕ್ಕೆ ಎಳೆದುಕೊಂಡವನು ಗುಂಪಿನಿಂದಲೇ ಹೊರಗುಳಿದಂತೆ. ಆ ವಯಸ್ಸಿಗೆ ಕ್ಯಾನ್ಸರಿನ ಚಿತ್ರಕ್ಕಿಂತ ಅದೇ ದೊಡ್ಡ ಭಯ. ಶಾಲೆ ಬಿಟ್ಟು ದುಡಿಯುವ ಹುಡುಗನಿಗೆ ತಂಬಾಕು ಹಸಿವನ್ನೂ ಅಡಗಿಸುತ್ತದೆ.

ಕಾನೂನು ಸುಮ್ಮನೆ ಕುಳಿತಿರಲಿಲ್ಲ. 2003ರ ಕೇಂದ್ರ ಕಾಯ್ದೆ 18ರೊಳಗಿನವರಿಗೆ ಮತ್ತು ಶಾಲೆಯ ನೂರು ಗಜದೊಳಗೆ ತಂಬಾಕು ಮಾರುವುದನ್ನು ತಡೆಯಿತು. 2013ರ ಮೇ ತಿಂಗಳಲ್ಲಿ ಕರ್ನಾಟಕ ಗುಟ್ಕಾವನ್ನೇ ನಿಷೇಧಿಸಿತು. ಆಗ ಪಾನ್ ಮಸಾಲ ಒಂದು ಪ್ಯಾಕೆಟ್ಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದವು, ಕೊಂಡವರು ಅಂಗೈಯಲ್ಲೇ ಬೆರೆಸಿಕೊಂಡರು. ಮಕ್ಕಳಿಗೆ ತಂಬಾಕು ಕೊಡುವವರಿಗೆ 2015ರ ಬಾಲನ್ಯಾಯ ಕಾಯ್ದೆ ಏಳು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. 2003ರ ಕಾಯ್ದೆಗೆ ರಾಜ್ಯ ತಂದ, 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ತಿದ್ದುಪಡಿ, ಕೊಳ್ಳುವವರ ವಯೋಮಿತಿಯನ್ನು 21ಕ್ಕೆ ಏರಿಸಿತು. ಅಪ್ಪನಿಗೆಂದು ಬಂದ ಹುಡುಗನ ಕೈಗೂ ಅಂಗಡಿಯವನು ಪ್ಯಾಕೆಟ್ ಕೊಡುವಂತಿಲ್ಲ. ಆದರೆ ಹುಡುಗ ಯಾರ ಮನೆಯವನೆಂಬುದು ಅವನಿಗೆ ಗೊತ್ತು, ಆದ್ದರಿಂದ ವಯಸ್ಸು ಕೇಳುವುದಿಲ್ಲ.