ಸೋಯಾ ಹಾಳೆ ಮತ್ತು ಕಾಫಿ ನರ್ಸರಿಯ ತೊಟ್ಟೆ

ಕೊಡಗಿನಲ್ಲಿ ಪ್ಲಾಸ್ಟಿಕ್ ಮಾತು ಬಂದರೆ ಚರ್ಚೆ ಪ್ರವಾಸಿಗರ ಬಾಟಲಿ, ಚಿಪ್ಸ್ ಪೊಟ್ಟಣ ದಾಟುವುದಿಲ್ಲ. 2016ರಲ್ಲಿ ರಾಜ್ಯದ ನಿಷೇಧ ಬಂತು, 2022ರ ಜುಲೈ 1ರಿಂದ ಏಕಬಳಕೆ ಪ್ಲಾಸ್ಟಿಕ್‌ನ ಆಯ್ದ ವಸ್ತುಗಳಿಗೆ ದೇಶವ್ಯಾಪಿ ನಿಷೇಧ. ಬೆನ್ನಿಗೇ ‘ಮಣ್ಣಲ್ಲಿ ಕರಗುವ’ ಚೀಲಗಳೂ ಬಂದವು. ಅವುಗಳಲ್ಲಿ ಹಲವು ಕರಗುವುದು ಸುಮಾರು 58 ಡಿಗ್ರಿ ಶಾಖದ ಗೊಬ್ಬರ ಘಟಕದಲ್ಲಿ. ತೋಟದ ಬದಿಯ ಚರಂಡಿಯಲ್ಲಲ್ಲ.

ಸಸ್ಯದ ಪ್ರೋಟೀನ್‌ನಿಂದ ಮಾಡುವ ಹಾಳೆಯ ಕತೆ ಬೇರೆ, ಹಳೆಯದೂ ಹೌದು. ಕಾಯಿಸಿದ ಸೋಯಾ ಹಾಲಿನ ಕೆನೆ ಎತ್ತಿ ಒಣಗಿಸುವುದನ್ನು ಚೀನಾ, ಜಪಾನ್ ಶತಮಾನಗಳಿಂದ ಬಲ್ಲವು. 1941ರಲ್ಲಿ ಹೆನ್ರಿ ಫೋರ್ಡ್ ಸಸ್ಯಮೂಲದ ಪ್ಲಾಸ್ಟಿಕ್ ಹೊದಿಸಿದ ಕಾರನ್ನೇ ತೋರಿಸಿದರು. ಯುದ್ಧ ಮುಗಿಯಿತು, ಪೆಟ್ರೋಲಿಯಂ ಪ್ಲಾಸ್ಟಿಕ್ ಅಗ್ಗವಾಯಿತು, ಪ್ರೋಟೀನ್ ಮೂಲೆ ಸೇರಿತು.

ಹಾಳೆ ಮಾಡುವುದೇನೂ ಬ್ರಹ್ಮವಿದ್ಯೆಯಲ್ಲ. ಎಣ್ಣೆ ತೆಗೆದ ಸೋಯಾದಿಂದ ಪ್ರೋಟೀನ್ ಬೇರ್ಪಡಿಸಿ, ಕ್ಷಾರದ ನೀರಿನಲ್ಲಿ ಕರಗಿಸಿ ಕಾಯಿಸುತ್ತಾರೆ. ಮಡಚಿಕೊಂಡಿದ್ದ ಅಣುಗಳು ಬಿಚ್ಚಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ; ತೆಳ್ಳಗೆ ಸುರಿದು ಒಣಗಿಸಿದರೆ ಆಯಿತು. ಆದರೆ ಬರೀ ಪ್ರೋಟೀನ್ ಹಾಳೆ ಹಪ್ಪಳದ ಹಾಗೆ ಮುರಿಯುತ್ತದೆ. ಬಳುಕಲೆಂದು ಗ್ಲಿಸರಾಲ್ ಬೆರೆಸಿದರೆ ಅದು ತೇವ ಎಳೆದುಕೊಳ್ಳುತ್ತದೆ. ಒಣ ಹವೆಯಲ್ಲಿ ಆಮ್ಲಜನಕವನ್ನು ಪಾಲಿಥಿನ್‌ಗಿಂತ ಚೆನ್ನಾಗಿ ತಡೆಯುವ ಹಾಳೆ ತೇವದ ಹವೆಗೆ ಉಬ್ಬಿ ಸಡಿಲಾಗುತ್ತದೆ. ಆಟಿ ತಿಂಗಳಲ್ಲಿ ಬಟ್ಟೆಯೇ ಒಣಗದ ಮಡಿಕೇರಿಯಲ್ಲಿ ಇದರಲ್ಲಿ ಸಕ್ಕರೆ ಕಟ್ಟಿಕೊಡಲು ಯಾವ ಅಂಗಡಿಯವರೂ ಒಪ್ಪಲಾರರು.

ಈ ದೌರ್ಬಲ್ಯವೇ ಕೆಲಸಕ್ಕೆ ಬರುವ ಜಾಗ ತೋಟದೊಳಗಿದೆ, ಅದರ ಮಾತೇ ಕಡಿಮೆ. ಕಾಫಿ ಸಸಿ ಬೀಜವನ್ನು ಟೋಪಿಯಂತೆ ತಲೆ ಮೇಲೆ ಹೊತ್ತ ‘ಟೋಪಿ ಹಂತ’ಕ್ಕೆ ಬಂದಾಗ, ಫೆಬ್ರವರಿ–ಮಾರ್ಚ್‌ನಲ್ಲಿ, ಆರು ಪಾಲು ಕಾಡುಮಣ್ಣು, ಎರಡು ಪಾಲು ಗೊಬ್ಬರ, ಒಂದು ಪಾಲು ಮರಳು ತುಂಬಿದ ಪಾಲಿಥಿನ್ ತೊಟ್ಟೆಗೆ, ಅಂದರೆ ಸಣ್ಣ ಚೀಲಕ್ಕೆ, ಕೂರಿಸುತ್ತಾರೆ. ಮಳೆ ಹಿಡಿದ ಮೇಲೆ ತೊಟ್ಟೆ ಸೀಳಿ, ತಳದಲ್ಲಿ ಸುತ್ತಿಕೊಂಡ ತಾಯಿಬೇರು ಕತ್ತರಿಸಿ ಗುಂಡಿಗಿಳಿಸುತ್ತಾರೆ. ಸೀಳಿದ ತೊಟ್ಟೆಗಳಲ್ಲಿ ಒಂದಷ್ಟು ಬೆಂಕಿಗೆ ಹೋಗುತ್ತವೆ, ಉಳಿದವು ವರ್ಷಗಳ ನಂತರ ಗುದ್ದಲಿಗೆ ಸಿಗುತ್ತವೆ. ಪ್ರೋಟೀನ್ ತೊಟ್ಟೆ ನಾಲ್ಕೈದು ತಿಂಗಳು ತಡೆದರೆ ಸಾಕು. ಮಣ್ಣಿನಲ್ಲಿ ಕೊಳೆತಾಗ ಬೇರಿಗೆ ಸಾರಜನಕವೂ ದಕ್ಕುತ್ತದೆ.

ತೊಡಕಿಲ್ಲದಿಲ್ಲ. ನರ್ಸರಿಯಲ್ಲಿ ನೀರು ಬೀಳುತ್ತಲೇ ಇರುವುದರಿಂದ ಬರೀ ಸೋಯಾ ಹಾಳೆ ಬೇಗ ಹರಿಯುತ್ತದೆ. ನಾರು ಬೆರೆಸಿ, ಮೇಣ ಸವರಿ ಆಯಸ್ಸು ಹಿಗ್ಗಿಸಬಹುದು, ಖರ್ಚೂ ಹಿಗ್ಗುತ್ತದೆ. ಸಸಿ ಗೊತ್ತಿರುವವರು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿದ್ದಾರೆ, ಹಾಳೆ ಗೊತ್ತಿರುವವರು ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ. ನಡುವೆ ಕೆಲವೇ ಗಂಟೆಗಳ ದಾರಿ. ಇಬ್ಬರೂ ಕೂತು ಬಿಡಿಸಬೇಕಾದ ಗಂಟು ಇನ್ನೊಂದಿದೆ: ತೊಟ್ಟೆ ಸಮೇತ ನೆಟ್ಟರೂ ಸುತ್ತಿಕೊಂಡ ತಾಯಿಬೇರನ್ನು ಕತ್ತರಿಸಲೇಬೇಕು. ಅಂದರೆ ಮೈ ಗಟ್ಟಿಯಿದ್ದು, ತಳವನ್ನಷ್ಟೇ ಸಲೀಸಾಗಿ ಕೊಯ್ಯಲು ಬರುವಂಥ ತೊಟ್ಟೆ ಬೇಕು.