ಮೌಸ್ ಇಲ್ಲದೆ ದಂಡು ನಡೆಸಿದ ಆಟ

ಸರದಿಗೆ ಕಾಯದೆ ಆ ಕ್ಷಣಕ್ಕೇ ಸೇನೆ ನಡೆಸುವ ‘ರಿಯಲ್-ಟೈಮ್ ಸ್ಟ್ರಾಟಜಿ’ ವಿಡಿಯೊ ಗೇಮ್ ಎಂದರೆ ಮೌಸ್ ಎಳೆದು, ಚೌಕ ಹಾಕಿ, ಹತ್ತಾರು ಟ್ಯಾಂಕುಗಳನ್ನು ಒಟ್ಟಿಗೆ ಅಟ್ಟುವುದು ಎಂಬ ಕಲ್ಪನೆ ಗಟ್ಟಿಯಾಗಿ ಕೂತಿದೆ. ಜಪಾನಿನ ಟೆಕ್ನೋಸಾಫ್ಟ್ 1989ರಲ್ಲಿ ಸೆಗಾದ ಟಿವಿ ಗೇಮ್ ಯಂತ್ರ ಮೆಗಾ ಡ್ರೈವ್‌ಗೆ ತಂದ ‘ಹೆರ್ಜೋಗ್ ಜ್ವೈ’ಯಲ್ಲಿ ಇದ್ಯಾವುದೂ ಇಲ್ಲ. ಅಲ್ಲಿ ಕರ್ಸರ್‌ನ ಜಾಗದಲ್ಲಿರುವುದು ನೀವೇ. ಜೆಟ್ ಆಗಿ ಹಾರುವ, ಗುಂಡಿ ಒತ್ತಿದರೆ ರೋಬೋ ಆಗಿ ನೆಲಕ್ಕಿಳಿಯುವ ಒಂದು ಯಂತ್ರ.

ಆಟದ ಜೀವಾಳ ಸಾಗಾಟ: ಕೊಂಡ ತುಕಡಿಗಳನ್ನು ಈ ಯಂತ್ರವೇ ಹೊತ್ತೊಯ್ದು ಇಳಿಸುತ್ತದೆ. ನಿಮ್ಮ ಮತ್ತು ಶತ್ರುವಿನ ಮುಖ್ಯ ನೆಲೆಗಳ ನಡುವೆ ಒಂಬತ್ತು ಸಣ್ಣ ನೆಲೆಗಳಿವೆ. ಒಂದೊಂದನ್ನು ವಶಪಡಿಸಲು ನಾಲ್ಕು ಪದಾತಿ ತುಕಡಿಗಳು ಒಳಹೊಕ್ಕಬೇಕು. ಕೈಯಲ್ಲಿರುವ ನೆಲೆಗಳು ಹೆಚ್ಚಿದಷ್ಟೂ ಹಣದ ಹರಿವು ಹೆಚ್ಚು. ಕೊಳ್ಳುವಾಗಲೇ ತುಕಡಿಗೆ ಆಜ್ಞೆಯನ್ನೂ ಆರಿಸಬೇಕು: ನಿಂತು ಕಾಯುವುದೋ, ಗಸ್ತು ತಿರುಗುವುದೋ, ನೆಲೆ ಹಿಡಿಯುವುದೋ. ಆಮೇಲೆ ಮನಸ್ಸು ಬದಲಾದರೆ ನೀವೇ ಹಾರಿ ಹೋಗಿ, ಅದನ್ನು ಎತ್ತಿಕೊಂಡು ಹೊಸ ಆಜ್ಞೆ ಕೊಡಬೇಕು. ದೂರದಿಂದ ಕೂಗಿ ಹೇಳುವ ಸೌಲಭ್ಯವೇ ಇಲ್ಲ.

ಹೊಸಬರು ಸೋಲುವುದು ಇಲ್ಲಿಯೇ. ಮೊದಲ ಹಣವನ್ನೆಲ್ಲ ಟ್ಯಾಂಕಿಗೆ ಸುರಿದು ಶತ್ರುವಿನ ಮುಖ್ಯ ನೆಲೆಯತ್ತ ಕಳಿಸುತ್ತಾರೆ. ಪ್ರತಿ ತುಕಡಿಗೂ ಇಂಧನ, ಮದ್ದುಗುಂಡು ಎಣಿಸಿಟ್ಟಷ್ಟೇ ಇರುವುದರಿಂದ ಟ್ಯಾಂಕು ದಾರಿಯಲ್ಲೇ ಬತ್ತಿ ನಿಲ್ಲುತ್ತದೆ. ದಾರಿ ಹುಡುಕುವ ಜಾಣ್ಮೆಯೂ ಅವಕ್ಕೆ ಕಡಿಮೆ. ಅಡ್ಡ ಬಂದ ಗುಡ್ಡದ ಮುಂದೆ ತಿಣುಕುತ್ತವೆ. ಆದ್ದರಿಂದ ಮೊದಲು ಪದಾತಿ ಕೊಂಡು, ನೆಲೆ ಹಿಡಿಯುವ ಆಜ್ಞೆ ಕೊಟ್ಟು, ಹತ್ತಿರದ ನೆಲೆಯ ಬಾಗಿಲ ಬಳಿಯೇ ಇಳಿಸಿ. ನಡೆಯಲು ಬಿಟ್ಟರೆ ಹೊತ್ತು ಹೋಗುತ್ತದೆ. ಮುಂಚೂಣಿ ಮುಂದಕ್ಕೆ ಸರಿದ ಮೇಲೆ ಪೂರೈಕೆ ಟ್ರಕ್ ಬೇಕೇ ಬೇಕು. ನಿಮ್ಮ ಯಂತ್ರದ ಇಂಧನಕ್ಕೂ ಆಗಾಗ ನೆಲೆಗೆ ಮರಳಲೇಬೇಕು.

1992ರ ಪಿಸಿ ಸ್ಟ್ರಾಟಜಿ ಆಟ ‘ಡ್ಯೂನ್ 2’ಗೆ ಹೆರ್ಜೋಗ್ ಜ್ವೈ ಪ್ರೇರಣೆ ಎಂದು ಅದನ್ನು ತಯಾರಿಸಿದ ವೆಸ್ಟ್‌ವುಡ್‌ನ ಬ್ರೆಟ್ ಸ್ಪೆರಿ ಹೇಳಿದ್ದಾರೆ, ಮೌಸಿನಿಂದ ನಡೆಸುವ ಮ್ಯಾಕಿಂಟಾಷ್ ಕಂಪ್ಯೂಟರ್‌ನ ಇಂಟರ್‌ಫೇಸ್ ಇನ್ನೊಂದು ಪ್ರೇರಣೆ. ಆ ಎರಡನೆಯದೇ ಸೇನಾಪತಿಯನ್ನು ರಣರಂಗದಿಂದ ಎತ್ತಿ ಆಕಾಶದಲ್ಲಿ ಕೂರಿಸಿತು ಎನ್ನುವುದು ನನ್ನ ಅಭಿಪ್ರಾಯ. ಪಿಸಿ ಆಟಗಳು ಆ ದಾರಿಯನ್ನೇ ಹಿಡಿದವು. ಕಣದೊಳಗೇ ಇರುವ ಸೇನಾಪತಿ ಮಾತ್ರ ನಂತರದ ಆಟಗಳಾದ ‘ಬ್ರೂಟಲ್ ಲೆಜೆಂಡ್’, ‘ಏರ್‌ಮೆಕ್’ಗಳಲ್ಲಿ ಮರಳಿ ಬಂದ. ಗೇಮ್‌ಪ್ಯಾಡ್‌ಗೆ ಸ್ಟ್ರಾಟಜಿ ಆಟ ಕಟ್ಟುವವರು ಮೌಸಿನ ಚೌಕವನ್ನು ಅನಲಾಗ್ ಸ್ಟಿಕ್ಕಿಗೆ ತುರುಕಲು ಹೆಣಗುವ ಮುನ್ನ ಇದನ್ನೊಮ್ಮೆ ಆಡಬೇಕು. 2020ರಲ್ಲಿ ಹಳೆಯ ಆಟಗಳನ್ನು ಮತ್ತೆ ತಂದ ಸೆಗಾ ಏಜಸ್ ಸರಣಿಯಲ್ಲಿ ನಿಂಟೆಂಡೊ ಸ್ವಿಚ್‌ಗೂ ಬಂದಿದೆ. ಸಾಧ್ಯವಾದರೆ ಇಬ್ಬರು ಕೂತು, ಪರದೆಯನ್ನು ಎರಡು ಭಾಗವಾಗಿ ಹಂಚಿಕೊಂಡು ಆಡಿ: ಎದುರಾಳಿ ಏನು ಹೊತ್ತು ಎತ್ತ ಹಾರುತ್ತಿದ್ದಾನೆಂಬುದು ಪಕ್ಕದಲ್ಲೇ ಕಾಣುತ್ತದೆ, ನಿಮ್ಮದೂ ಅವನಿಗೆ.